ಸತುವಿನ ತುಂಡಿನ ಹಿಂದೊಬ್ಬ ಡೇವಿ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳು ಮನೆಯಲ್ಲೇ ಕುಳಿತಿದ್ದೆ. ಅರ್ಜಿ ಹಾಕಿದ ಕಡೆಯೆಲ್ಲ ಅನುಭವ ಎಷ್ಟು ಎಂದು ಕೇಳುತ್ತಿದ್ದರು. ಕೆಲಸವೇ ಸಿಗದೆ ಅನುಭವ ಎಲ್ಲಿಂದ ತರುವುದು? ಕೊನೆಗೆ ಮಲ್ಪೆ ಬಂದರಿನ ಹತ್ತಿರ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಒಂದು ಶೆಡ್ಡಿಗೆ ಸೇರಿಕೊಂಡೆ. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್. ಅದರ ಮೇಲರ್ಧ ನೀರಿನಿಂದ ಹೊರಗೆ, ಗೇರ್ ಮತ್ತು ಪ್ರೊಪೆಲ್ಲರ್ ಇರುವ ಕೆಳಭಾಗ ಸದಾ ಉಪ್ಪುನೀರಿನೊಳಗೆ.

ಮೊದಲ ಮೂರು ತಿಂಗಳು ನನಗೆ ಸಿಕ್ಕಿದ್ದು ತೊಳೆಯುವ, ಉಜ್ಜುವ, ಬಣ್ಣ ಬಳಿಯುವ ಕೆಲಸ. ಒಂದು ಮೇ ತಿಂಗಳ ಮಧ್ಯಾಹ್ನ, ಮಳೆಗಾಲದ ಮೀನುಗಾರಿಕೆಗೆ ಸಜ್ಜಾಗುತ್ತಿದ್ದ ಒಂದು ಎಂಜಿನ್ ನನ್ನ ಕೈಗೆ ಬಂತು. ಹಳೆ ಬಣ್ಣ ಕೆರೆದು, ಪ್ರೈಮರ್ ಹೊಡೆದು, ಹೊಸ ಬಣ್ಣ ಬಳಿದೆ. ಪ್ರೊಪೆಲ್ಲರ್ ಮೇಲಿನ ತಟ್ಟೆಯ ಕೆಳಗೆ ಬೂದು ಬಣ್ಣದ ಒಂದು ಲೋಹದ ತುಂಡು ಇತ್ತು. ಹೊಸದೇ ಆದರೂ ನೋಡಲು ಮಂಕಾಗಿತ್ತು. ಚೆಂದ ಕಾಣಲಿ ಎಂದು ಅದಕ್ಕೂ ಎರಡು ಕೋಟ್ ಕೊಟ್ಟೆ. ಮಾಲೀಕರು ನೋಡಿ ಹೊಸ ಎಂಜಿನ್ನಿನ ಹಾಗಿದೆ ಎಂದರು. ನನಗೆ ಹೆಮ್ಮೆ.

ಸೆಪ್ಟೆಂಬರಿನಲ್ಲಿ ಅದೇ ಎಂಜಿನ್ ವಾಪಸ್ ಬಂತು. ಗೇರ್ ಇರುವ ಅಲ್ಯೂಮಿನಿಯಂ ಕವಚದ ಮೇಲೆ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಉಗುರಿನಿಂದ ಮುಟ್ಟಿದರೆ ಒಳಗಿನಿಂದ ಬಿಳಿ ಪುಡಿ ಉದುರುತ್ತಿತ್ತು. ಗೆದ್ದಲು ಹಿಡಿದ ಮರದ ಹಾಗೆ ಲೋಹದಲ್ಲಿ ಗುಳಿಗಳು ಬಿದ್ದು, ಒಂದು ಕಡೆ ತೂತಾಗಿ ಗೇರ್ ಆಯಿಲ್ಲಿನೊಳಗೆ ನೀರು ಹೊಕ್ಕಿತ್ತು. ಶೆಡ್ಡಿನ ಹಿರಿಯ ಮೆಕ್ಯಾನಿಕ್ ಅಣ್ಣ ಏನೂ ಮಾತಾಡದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಸತುವಿನ ತುಂಡಿನ ಮೇಲಿದ್ದ ನನ್ನ ಬಣ್ಣವನ್ನು ಕೆರೆದರು. ಕೆಳಗೆ ಸತು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು. ನಾಲ್ಕು ತಿಂಗಳಲ್ಲಿ ಸವೆಯಬೇಕಾಗಿದ್ದದ್ದು ಅದು. ಅದನ್ನು ನಾನು ಕಾಪಾಡಿಬಿಟ್ಟಿದ್ದೆ. ದೋಣಿಯವರಿಗೆ ಮೀನು ಸಿಗುವ ದಿನಗಳಲ್ಲೇ ಎಂಜಿನ್ ನಿಂತಿತ್ತು. ಹೊಸ ಕವಚದ ಖರ್ಚನ್ನು ಶೆಡ್ಡಿನ ಮಾಲೀಕರು ಹೊತ್ತರು. ನನ್ನ ಸಂಬಳ ಹಿಡಿಯಲಿಲ್ಲ. ಹಿಡಿದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಗುಲಿಕೊಂಡು ಉಪ್ಪುನೀರಿನಲ್ಲಿ ನಿಂತರೆ ಅದೊಂದು ಬ್ಯಾಟರಿಯಾಗುತ್ತದೆ. ಹೆಚ್ಚು ಚುರುಕಾದ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಸ್ಟೀಲ್ ಶಾಫ್ಟ್ ಮತ್ತು ಅಲ್ಯೂಮಿನಿಯಂ ಕವಚ ಜೊತೆಯಾಗಿದ್ದರೆ ಸಾಯುವುದು ಅಲ್ಯೂಮಿನಿಯಂ. ಅಲ್ಲಿಗೆ ಇನ್ನೂ ಚುರುಕಾದ ಸತುವಿನ ತುಂಡೊಂದನ್ನು ಬೋಲ್ಟ್ ಮಾಡಿದರೆ ಮೊದಲು ಅದು ಕರಗುತ್ತದೆ, ಅಲ್ಯೂಮಿನಿಯಂ ಬದುಕುತ್ತದೆ. ಆದರೆ ಸತುವಿಗೆ ನೀರು ತಾಗಬೇಕು. ಬಣ್ಣ ಬಳಿದರೆ ಅದು ಇದ್ದೂ ಇಲ್ಲದ ಹಾಗೆ. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದಲ್ಲ. ಸ್ಯಾಕ್ರಿಫಿಶಿಯಲ್ ಆನೋಡ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಪರೀಕ್ಷೆಯಲ್ಲಿ ಉತ್ತರ ಬರೆದು ಎರಡಕ್ಕೆ ಎರಡು ಪಡೆದಿದ್ದೆ. ಆ ಬೂದು ತುಂಡೇ ಆನೋಡ್ ಎಂದು ಮಾತ್ರ ತಿಳಿದಿರಲಿಲ್ಲ.

ಆ ವಾರ ಹಟ ಹಿಡಿದು ಇದನ್ನು ಮೊದಲು ಕಂಡುಹಿಡಿದವರು ಯಾರು ಎಂದು ಹುಡುಕಿದೆ. ಸಿಕ್ಕವನು ಹಂಫ್ರಿ ಡೇವಿ. ಗಣಿ ಕಾರ್ಮಿಕರ ಸುರಕ್ಷಾ ದೀಪದ ಡೇವಿ ಎಂದು ಹೈಸ್ಕೂಲಿನಲ್ಲಿ ಓದಿದ್ದೆವಲ್ಲ, ಅವನೇ. ಆದರೆ ಅವನ ಬದುಕಿನ ಅತಿ ದೊಡ್ಡ ಅವಮಾನ ಈ ಸತುವಿನ ತುಂಡಿನಿಂದಲೇ ಆಯಿತು ಎಂಬುದನ್ನು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ನೈಋತ್ಯ ತುದಿಯ ಪೆನ್‌ಝಾನ್ಸ್ ಎಂಬ ಕಡಲೂರಿನಲ್ಲಿ. ಅಪ್ಪ ಮರದ ಕೆತ್ತನೆಗಾರ. 1794ರಲ್ಲಿ ಅಪ್ಪ ತೀರಿಕೊಂಡಾಗ ಮನೆಗೆ ಉಳಿದದ್ದು ಸಾಲ. ಐದು ಮಕ್ಕಳಲ್ಲಿ ಹಿರಿಯವನಾದ ಡೇವಿಗೆ ಆಗಷ್ಟೇ ಹದಿನಾರು. ಅಮ್ಮ ಹೆಂಗಸರ ಟೋಪಿಗಳ ಅಂಗಡಿ ನಡೆಸಿ ಸಂಸಾರ ಎಳೆದಳು. ಹುಡುಗನನ್ನು ಊರಿನ ಒಬ್ಬ ವೈದ್ಯನ ಬಳಿ, ಔಷಧಿ ಅರೆಯುವ, ಗಾಯ ಕಟ್ಟುವ ಕೆಲಸ ಕಲಿಯಲು ಬಿಟ್ಟರು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಹತ್ತಲೇ ಇಲ್ಲ. 1797ರಲ್ಲಿ ಲವಾಸಿಯೆ ಬರೆದ ರಸಾಯನಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಿತು. ಮರುವರ್ಷವೇ ಅವನು ಬ್ರಿಸ್ಟಲ್ ನಗರದಲ್ಲಿ, ಅನಿಲಗಳಿಂದ ರೋಗ ವಾಸಿ ಮಾಡಬಹುದೇ ಎಂದು ಪರೀಕ್ಷಿಸುತ್ತಿದ್ದ ಒಂದು ಸಂಸ್ಥೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ. ವಯಸ್ಸು ಹತ್ತೊಂಬತ್ತು. ಅನುಭವ ಎಷ್ಟು ಎಂದು ಅಲ್ಲಿ ಯಾರೂ ಕೇಳಲಿಲ್ಲವೇನೋ!

ಅಲ್ಲಿ ಅವನು ಮಾಡಿದ್ದನ್ನು ಇಂದು ಯಾರೂ ಮಾಡಬಾರದು. ಅನಿಲಗಳನ್ನು ತಾನೇ ಮೂಗಿಗೆ ಹಿಡಿದು ಎಳೆದು ನೋಡುತ್ತಿದ್ದ. ಒಮ್ಮೆ ಕಾರ್ಬನ್ ಮೊನಾಕ್ಸೈಡ್ ಬೆರೆತ ಅನಿಲ ಎಳೆದು ಸಾವಿನ ಬಾಗಿಲು ತಟ್ಟಿ ಬಂದ. ನಗೆ ಅನಿಲ ಎನ್ನುವ ನೈಟ್ರಸ್ ಆಕ್ಸೈಡ್ ನೋವನ್ನು ಮರೆಸುತ್ತದೆ, ಶಸ್ತ್ರಚಿಕಿತ್ಸೆಗೆ ಬಳಸಬಹುದು ಎಂದು 1800ರಲ್ಲೇ ಬರೆದ. ವೈದ್ಯರು ಅದನ್ನು ಕೈಗೆತ್ತಿಕೊಂಡದ್ದು 1840ರ ದಶಕದಲ್ಲಿ. ನಡುವಿನ ನಲ್ವತ್ತು ವರ್ಷ ಎಷ್ಟು ಜನ ಎಚ್ಚರವಿದ್ದೇ ಕೈಕಾಲು ಕತ್ತರಿಸಿಕೊಂಡರೋ.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವನನ್ನು ಕರೆಸಿಕೊಂಡಿತು. ಅವನ ಉಪನ್ಯಾಸಕ್ಕೆ ನಾಟಕಕ್ಕೆ ಸೇರುವ ಹಾಗೆ ಜನ ಸೇರುತ್ತಿದ್ದರು. ಅಲ್ಲಿಯೇ ಅವನಿಗೆ ವಿದ್ಯುತ್ತಿನ ಹುಚ್ಚು ಹಿಡಿದದ್ದು. ವಸ್ತುಗಳನ್ನು ಬೆಸೆದಿರುವ ರಾಸಾಯನಿಕ ಬಲಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದು ಅವನ ಯೋಚನೆ. ಹಾಗಿದ್ದರೆ ವಿದ್ಯುತ್ ಹಾಯಿಸಿ ಬೆಸುಗೆಯನ್ನು ಬಿಡಿಸಲೂ ಆಗಬೇಕು. 1807ರಲ್ಲಿ ಕರಗಿಸಿದ ಪೊಟ್ಯಾಷ್‌ನೊಳಗೆ ವಿದ್ಯುತ್ ಹರಿಸಿದಾಗ ಹೊಳೆಯುವ ಪುಟ್ಟ ಲೋಹದ ಹನಿಗಳು ಹೊರಬಂದು ಹೊತ್ತಿ ಉರಿದವು. ಅದು ಪೊಟ್ಯಾಸಿಯಂ. ಡೇವಿ ಪ್ರಯೋಗಾಲಯದ ತುಂಬ ಕುಣಿದಾಡಿದನಂತೆ. ಇದನ್ನು ಹೇಳಿದವನು ಅಲ್ಲಿ ಸಹಾಯಕನಾಗಿದ್ದ ಅವನ ದಾಯಾದಿ ಸಹೋದರ ಎಡ್ಮಂಡ್ ಡೇವಿ. ಈ ಎಡ್ಮಂಡ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೆಲವೇ ದಿನಗಳಲ್ಲಿ ಸೋಡಿಯಂ, ಮರುವರ್ಷ ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಮೆಗ್ನೀಸಿಯಂ. ನಮ್ಮ ಪೀರಿಯಾಡಿಕ್ ಟೇಬಲ್ಲಿನ ಎಡಬದಿಯ ಎರಡು ಸಾಲುಗಳನ್ನು ನೋಡಿದರೆ ಅವನ ಕೈಬರಹ ಕಾಣುತ್ತದೆ.

ನಂತರದ ಹತ್ತು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1812ರಲ್ಲಿ ಸರ್ ಪದವಿ, ಶ್ರೀಮಂತ ವಿಧವೆಯೊಂದಿಗೆ ಮದುವೆ. ಅದೇ ವರ್ಷ ಸ್ಫೋಟವೊಂದರಲ್ಲಿ ಕಣ್ಣಿಗೆ ಗಾಯ. ಆಗ ಸಹಾಯಕ್ಕೆಂದು ಬಂದ ಬುಕ್‌ಬೈಂಡಿಂಗ್ ಕಲಿತ ಹುಡುಗನೇ ಮೈಕೆಲ್ ಫ್ಯಾರಡೆ. 1812ರಲ್ಲೇ ಫೆಲ್ಲಿಂಗ್ ಎಂಬಲ್ಲಿ ಕಲ್ಲಿದ್ದಲ ಗಣಿ ಸ್ಫೋಟಿಸಿ 92 ಮಂದಿ, ಅವರಲ್ಲಿ ಎಷ್ಟೋ ಹುಡುಗರು, ಸತ್ತಿದ್ದರು. 1815ರಲ್ಲಿ ಡೇವಿ ಜ್ವಾಲೆಯ ಸುತ್ತ ತಂತಿಜಾಲರಿ ಸುತ್ತಿದ ದೀಪ ಮಾಡಿದ, ಅದಕ್ಕೆ ಪೇಟೆಂಟ್ ಬೇಡವೆಂದ. ರೈಲು ಎಂಜಿನ್ನಿನ ಜಾರ್ಜ್ ಸ್ಟೀಫನ್‌ಸನ್ ತಾನೂ ಅಂಥದೇ ದೀಪ ಮಾಡಿದ್ದೇನೆ ಎಂದಾಗ ಮಾತ್ರ ಡೇವಿ ಕೆರಳಿದ. ಓದು ಬಾರದೆ ಬೆಳೆದ ಗಣಿ ಕೆಲಸಗಾರನಿಗೆ ಇಂಥದು ಹೊಳೆದೀತು ಎಂದು ಅವನು ಒಪ್ಪಲಿಲ್ಲ. ಔಷಧಿ ಅರೆಯುತ್ತಿದ್ದ ತನ್ನ ದಿನಗಳನ್ನು ಅಷ್ಟು ಬೇಗ ಮರೆತನೇ ಎಂದು ನನಗೆ ಬೇಸರವಾಯಿತು. 1820ರಲ್ಲಿ ಅವನು ರಾಯಲ್ ಸೊಸೈಟಿಯ ಅಧ್ಯಕ್ಷ. ಅದಕ್ಕಿಂತ ಮೇಲಿನ ಮೆಟ್ಟಿಲು ಇಂಗ್ಲೆಂಡಿನ ವಿಜ್ಞಾನದಲ್ಲಿ ಇರಲಿಲ್ಲ.

ಇನ್ನು ಸಮುದ್ರದ ಕತೆ. ಆಗಿನ ಹಡಗುಗಳೆಲ್ಲ ಮರದವು. ಸಮುದ್ರದಲ್ಲಿ ಮರ ಕೊರೆಯುವ ಹುಳುಗಳಿವೆ, ಜೊತೆಗೆ ಪಾಚಿ ಮತ್ತು ಚಿಪ್ಪಿನ ಜೀವಿಗಳು ತಳಕ್ಕೆ ಅಂಟಿ ಹಡಗನ್ನು ನಿಧಾನ ಮಾಡುತ್ತವೆ. ಇದಕ್ಕೆ ಬ್ರಿಟಿಷ್ ನೌಕಾಪಡೆ ಕಂಡುಕೊಂಡ ಉಪಾಯ ತಳಕ್ಕೆಲ್ಲ ತಾಮ್ರದ ಹಾಳೆ ಹೊಡೆಯುವುದು. ಮೊದಲು 1761ರಲ್ಲಿ ಅಲಾರ್ಮ್ ಎಂಬ ಹಡಗಿಗೆ ಹೊಡೆದರು. ಎರಡು ವರ್ಷದ ಮೇಲೆ ನೋಡಿದರೆ ತಾಮ್ರ ಚೆನ್ನಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ದವು. ಹಾಳೆ ಸುತ್ತಿಬಂದ ಕಂದು ಕಾಗದ ಎಲ್ಲೆಲ್ಲಿ ತಾಮ್ರಕ್ಕೂ ಮೊಳೆಗೂ ನಡುವೆ ಉಳಿದಿತ್ತೋ ಅಲ್ಲಿನ ಮೊಳೆಗಳು ಮಾತ್ರ ಗಟ್ಟಿಯಾಗಿದ್ದವು. ಕಬ್ಬಿಣ ಏಕೆ ಹಾಳಾಯಿತೆಂದು ಆಗ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕಬ್ಬಿಣದ ಮೊಳೆ ಬಿಟ್ಟು ತಾಮ್ರದ ಮಿಶ್ರಲೋಹದ ಬೋಲ್ಟ್ ಹಾಕಿ ಮುಂದೆ ಸಾಗಿದರು.

ಮೊಳೆಯ ತೊಂದರೆ ತೀರಿದ ಮೇಲೆ ತಾಮ್ರದ ತೊಂದರೆ ಶುರುವಾಯಿತು. ನಮ್ಮ ಬಚ್ಚಲ ಹಂಡೆಗೆ ಹಸಿರು ಕಿಲುಬು ಹಿಡಿಯುತ್ತದಲ್ಲ, ಹಾಗೆಯೇ ಸಮುದ್ರದ ನೀರು ತಾಮ್ರದ ಹಾಳೆಯನ್ನು ಕರಗಿಸುತ್ತಿತ್ತು. ಮತ್ತೆ ಮತ್ತೆ ಹಾಳೆ ಬದಲಿಸುವುದು ದುಬಾರಿ. ನೌಕಾಪಡೆಯವರು 1823ರಲ್ಲಿ ರಾಯಲ್ ಸೊಸೈಟಿಯನ್ನು ಕೇಳಿದರು. ತಾಮ್ರದಲ್ಲಿ ಕಲಬೆರಕೆ ಇರಬೇಕು ಎಂಬುದು ಬಹುಮಂದಿಯ ಅನುಮಾನ. ಡೇವಿ ಪರೀಕ್ಷಿಸಿದ. ಕಲಬೆರಕೆ ಮುಖ್ಯ ಕಾರಣವಲ್ಲ, ನೀರಿನಲ್ಲಿ ಕರಗಿರುವ ಗಾಳಿ ಮತ್ತು ಉಪ್ಪು ಸೇರಿ ತಾಮ್ರವನ್ನು ತಿನ್ನುತ್ತವೆ ಎಂದು ಕಂಡುಕೊಂಡ. ಹಾಗಾದರೆ ತಾಮ್ರದ ವಿದ್ಯುತ್ ಸ್ಥಿತಿಯನ್ನೇ ಸ್ವಲ್ಪ ಬದಲಿಸಿಬಿಟ್ಟರೆ? ಬಟಾಣಿ ಕಾಳಿನಷ್ಟು ಸತುವನ್ನು ತಾಮ್ರಕ್ಕೆ ತಗುಲಿಸಿ ಉಪ್ಪುನೀರಿನಲ್ಲಿಟ್ಟ. 40–50 ಚದರ ಇಂಚು ತಾಮ್ರ ಒಂದಿಷ್ಟೂ ಮಾಸದೆ ಉಳಿಯಿತು. ಸತುವಿನ ಜಾಗದಲ್ಲಿ ಸಣ್ಣ ಕಬ್ಬಿಣದ ಮೊಳೆಯ ಮೊನೆ ಇಟ್ಟರೂ ಆಗುತ್ತಿತ್ತು. ಅಲಾರ್ಮ್ ಹಡಗಿನ ಮೊಳೆಗಳನ್ನು ಕೊಂದ ಕಾಯಿಲೆಯೇ ಇಲ್ಲಿ ತಾಮ್ರಕ್ಕೆ ಮದ್ದು. ಇದನ್ನು ಓದಿದಾಗ ಶೆಡ್ಡಿನ ಮೂಲೆಯಲ್ಲಿ ಕುಳಿತಿದ್ದ ನನಗೂ ಕುಣಿಯಬೇಕೆನಿಸಿತು.

1824ರ ಜನವರಿಯಲ್ಲಿ ಡೇವಿ ಈ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಅದೇ ತಿಂಗಳು, ಅವನ ವಿರೋಧವನ್ನು ಮೀರಿ, ಫ್ಯಾರಡೆ ಆ ಸೊಸೈಟಿಯ ಸದಸ್ಯನಾದ. ಶಿಷ್ಯ ಎತ್ತರವಾಗುತ್ತಿರುವುದು ಗುರುವಿಗೆ ಕಹಿಯಾಗಿತ್ತು. ಆದರೂ ಬಂದರಿನಲ್ಲಿ ತಾಮ್ರದ ತುಂಡುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಫ್ಯಾರಡೆಯೇ ನೆರವಾದ. ಪೋರ್ಟ್ಸ್‌ಮತ್ ಬಂದರಿನ ಪರೀಕ್ಷೆಗಳ ಲೆಕ್ಕ ಹೀಗಿತ್ತು: ತಾಮ್ರದ ವಿಸ್ತೀರ್ಣದ 40ರಲ್ಲಿ 1 ಭಾಗದಿಂದ 150ರಲ್ಲಿ 1 ಭಾಗದಷ್ಟು ಸತು ಅಥವಾ ಕಬ್ಬಿಣ ಇದ್ದರೆ ತಾಮ್ರ ಪೂರ್ತಿ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಸ್ವಲ್ಪ ಸ್ವಲ್ಪ ಕರಗುತ್ತದೆ. ಆ ಬೇಸಿಗೆಯಲ್ಲಿ ಕಾಮೆಟ್ ಎಂಬ ಉಗಿಹಡಗಿನಲ್ಲಿ ನಾರ್ವೆ ಕಡೆಗೆ ಹೋಗಿ ಡೇವಿ ತಾನೇ ಕಡಲಿನ ಮೇಲೆ ಪರೀಕ್ಷೆ ಮಾಡಿದ. ನೌಕಾಪಡೆ ತನ್ನ ಹಡಗುಗಳಿಗೆ ರಕ್ಷಕ ತುಂಡುಗಳನ್ನು ಹೊಡೆಯತೊಡಗಿತು. ಅವುಗಳಲ್ಲಿ ಒಂದು ಸಮರಾಂಗ್. ಅದು ನಮ್ಮ ಕರಾವಳಿಯ ಕೆಳಗಿನ ಕೊಚ್ಚಿಯಲ್ಲಿ ಸಾಗುವಾನಿಯಿಂದ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಹಡಗು. ಅದಕ್ಕೆ ಎರಕದ ಕಬ್ಬಿಣದ ತುಂಡುಗಳನ್ನು ಹೊಡೆದು ಕೆನಡಾದ ನೋವಾ ಸ್ಕಾಶಿಯಾಕ್ಕೆ ಕಳಿಸಿದರು. 1825ರ ಆರಂಭದಲ್ಲಿ ಹಿಂದಿರುಗಿದಾಗ ತಾಮ್ರ ಬಹುಪಾಲು ಚೆನ್ನಾಗಿಯೇ ಇತ್ತು.

ಆದರೆ ಬೇರೆ ಹಡಗುಗಳು ತಳದ ತುಂಬ ಪಾಚಿ, ಚಿಪ್ಪು ಹೊತ್ತುಕೊಂಡು ಬಂದವು. ತಾಮ್ರ ಲವಲೇಶವೂ ಕರಗಿರಲಿಲ್ಲ. ಅದೇ ತಪ್ಪಾಗಿತ್ತು. ಕರಗುವ ತಾಮ್ರ ಜೀವಿಗಳಿಗೆ ವಿಷ. ಹಾಳೆ ಸವೆಯುತ್ತ ಸವೆಯುತ್ತಲೇ ತಳವನ್ನು ಶುಚಿಯಾಗಿಡುತ್ತಿತ್ತು. ಸವೆಯುವುದೇ ಅದರ ಕೆಲಸವಾಗಿತ್ತು. ಡೇವಿ ಆ ಕೆಲಸವನ್ನು ನಿಲ್ಲಿಸಿದ್ದ. ಸಾಲದ್ದಕ್ಕೆ, ರಕ್ಷಣೆ ಹೆಚ್ಚಾದ ತಾಮ್ರದ ಮೇಲೆ ಸಮುದ್ರದ ನೀರಿನಿಂದ ಸುಣ್ಣದಂಥ ಪದರ ಕೂತು, ಜೀವಿಗಳಿಗೆ ಅಂಟಿಕೊಳ್ಳಲು ಒಳ್ಳೆಯ ನೆಲವೂ ಸಿಕ್ಕಿತ್ತು. ಹಡಗುಗಳು ಆಮೆಗಳಾದವು. 1825ರಲ್ಲೇ ನೌಕಾಪಡೆ ತುಂಡುಗಳನ್ನು ತೆಗೆಯಲು ಆಜ್ಞೆ ಮಾಡಿತು. ಪತ್ರಿಕೆಗಳು ಗೇಲಿ ಮಾಡಿದವು. ರಾಯಲ್ ಸೊಸೈಟಿಯ ಅಧ್ಯಕ್ಷನೇ ನೌಕಾಪಡೆಯ ಹಡಗುಗಳನ್ನು ಪಾಚಿ ತೋಟ ಮಾಡಿಟ್ಟ ಎಂದರೆ ಯಾರು ಬಿಟ್ಟಾರು?

ಡೇವಿ ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸು ಬಾರದು. ತಾಮ್ರ ಕರಗದಿರಲಿ ಎಂದು ಕೇಳಿದರು, ಅವನು ಕರಗದ ಹಾಗೆ ಮಾಡಿಕೊಟ್ಟ. ತುಂಡುಗಳನ್ನು ಚಿಕ್ಕದು ಮಾಡಿ ಸ್ವಲ್ಪ ಮಾತ್ರ ಕರಗುವಂತೆ ಬಿಡಬೇಕು ಎಂಬುದನ್ನೂ ಅವನು ಗುರುತಿಸಿದ್ದ. ಆದರೆ ದೂರದ, ಬಿಸಿ ಸಮುದ್ರಗಳ ಪರೀಕ್ಷೆ ಮುಗಿಯುವ ಮೊದಲೇ ಗೆದ್ದೆ ಎಂದು ಸಾರಿಬಿಟ್ಟಿದ್ದ. ಅವನು ತಾಮ್ರವನ್ನು ನೋಡಿದ, ಹಡಗನ್ನು ನೋಡಲಿಲ್ಲ. ನಾನು ಬಣ್ಣವನ್ನು ನೋಡಿದೆ, ಎಂಜಿನ್ನನ್ನು ನೋಡಲಿಲ್ಲ. ಇಬ್ಬರೂ ಸವೆಯಬೇಕಾದ ಲೋಹವನ್ನು ಸವೆಯಗೊಡಲಿಲ್ಲ. ಹೋಲಿಕೆ ಅತಿಯಾಯಿತು, ಗೊತ್ತು. ಆದರೂ ಆ ವಾರ ನನಗೆ ಇದರಿಂದ ಸ್ವಲ್ಪ ಸಮಾಧಾನವಾದದ್ದು ನಿಜ.

ಡೇವಿಗೆ ಸಮಾಧಾನ ಸಿಗಲಿಲ್ಲ. 1826ರ ಕೊನೆಯಲ್ಲಿ ಪಾರ್ಶ್ವವಾಯು ಹೊಡೆಯಿತು. 1827ರಲ್ಲಿ ಅಧ್ಯಕ್ಷ ಪದವಿ ಬಿಟ್ಟ. ಯುರೋಪಿನಲ್ಲಿ ಊರೂರು ಅಲೆಯುತ್ತ, ಗಾಳ ಹಾಕಿ ಮೀನು ಹಿಡಿಯುತ್ತ, ಆ ಮೀನುಗಾರಿಕೆಯ ಬಗ್ಗೆಯೇ ಒಂದು ಪುಸ್ತಕ ಬರೆದ. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ಐವತ್ತೊಂದೂ ತುಂಬಿರಲಿಲ್ಲ.

ಅದೇ 1829ರಲ್ಲಿ ಎಡ್ಮಂಡ್, ಆ ಕುಣಿತ ನೋಡಿದ ಸಹೋದರ, ಸಮುದ್ರದಲ್ಲಿ ತೇಲುವ ಕಬ್ಬಿಣದ ಬೋಯೆಗಳಿಗೆ ಸತುವಿನ ಗಟ್ಟಿಗಳನ್ನು ಕಟ್ಟಿ ಕಬ್ಬಿಣ ತುಕ್ಕು ಹಿಡಿಯದಂತೆ ಮಾಡಿ ತೋರಿಸಿದ. ಕಬ್ಬಿಣಕ್ಕೆ ಪಾಚಿ ಓಡಿಸುವ ಕೆಲಸವಿಲ್ಲ, ಅದು ಉಳಿದರೆ ಸಾಕು. ಲೋಹ ಬದಲಾದದ್ದೇ ತಡ, ಹಂಫ್ರಿಯ ಉಪಾಯ ಸರಿಯಾಗಿ ಕೂತಿತು. ಮುಂದೆ ಕಬ್ಬಿಣದ ಹಡಗುಗಳು ಬಂದವು, ಅವುಗಳ ಕಂಚಿನ ಪ್ರೊಪೆಲ್ಲರ್ ಬಳಿ ಸತುವಿನ ಹಲಗೆಗಳು ಬಂದವು. ಪಾಚಿ ಓಡಿಸುವ ಕೆಲಸ ಇಂದು ಬಣ್ಣದ್ದು. ತಳಕ್ಕೆ ಹೊಡೆಯುವ ಹಲವು ಬಣ್ಣಗಳಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ, ಅದು ಮೆಲ್ಲಗೆ ಕರಗುತ್ತಲೇ ಇರುತ್ತದೆ. ಡೇವಿ ತಡೆದದ್ದನ್ನು ಈಗ ಬೇಕೆಂದೇ ಮಾಡುತ್ತೇವೆ. ಆ ಬಣ್ಣವನ್ನು ಔಟ್‌ಬೋರ್ಡಿನ ಅಲ್ಯೂಮಿನಿಯಂಗೆ ಮಾತ್ರ ಹೊಡೆಯಬಾರದು. ಹೊಡೆದರೆ ತಾಮ್ರ ಉಳಿದು ಅಲ್ಯೂಮಿನಿಯಂ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಟ್ಯಾಂಕ್ ಇರುವ ಗೀಸರ್ ಇದ್ದರೆ ಅದರೊಳಗೂ ಹೆಚ್ಚಾಗಿ ಒಂದು ಮೆಗ್ನೀಸಿಯಂ ಕಡ್ಡಿ ಕರಗುತ್ತಿರುತ್ತದೆ. ಸಿಹಿನೀರಿನಲ್ಲಿ ಸತುವಿಗಿಂತ ಮೆಗ್ನೀಸಿಯಂ ಒಳ್ಳೆಯದು. 1808ರಲ್ಲಿ ಡೇವಿ ಹೊರತೆಗೆದ ಅದೇ ಲೋಹ.

ಶೆಡ್ಡಿನಲ್ಲಿ ಈಗ ಹೊಸ ಹುಡುಗರಿಗೆ ಈ ಕೆಲಸ ತೋರಿಸುವುದು ನನ್ನ ಪಾಲಿಗೆ ಬಂದಿದೆ. ಎಂಜಿನ್ ಬಂದ ಕೂಡಲೇ ಮೊದಲು ಸಿಹಿನೀರು ಹಾಯಿಸಬೇಕು. ಒಳಗೆ ನಿಂತ ಉಪ್ಪುನೀರು ಒಣಗಿದರೆ ಉಪ್ಪು ಹರಳುಗಟ್ಟಿ ತಂಪಿನ ನೀರಿನ ದಾರಿಯನ್ನೇ ಮುಚ್ಚುತ್ತದೆ. ಹೊರಗಿನ ಸತು ಮಾತ್ರ ನೋಡಿದರೆ ಸಾಲದು, ಅನೇಕ ಎಂಜಿನ್ನುಗಳಲ್ಲಿ ಸಿಲಿಂಡರ್ ಬ್ಲಾಕಿನೊಳಗೂ ಪುಟ್ಟ ತುಂಡುಗಳಿರುತ್ತವೆ. ಅರ್ಧ ಸವೆದರೆ ಬದಲಿಸಬೇಕು. ಹೊಸದನ್ನು ಕೂರಿಸುವ ಜಾಗದಲ್ಲಿ ಬಣ್ಣ, ಗ್ರೀಸ್, ತುಕ್ಕು ಇರಬಾರದು. ಲೋಹಕ್ಕೆ ಲೋಹ ತಾಗದಿದ್ದರೆ ವಿದ್ಯುತ್ ಹರಿಯದು. ತಿಂಗಳಾನುಗಟ್ಟಲೆ ನೀರಿನಲ್ಲಿದ್ದೂ ಸತು ಒಂದಿಷ್ಟೂ ಸವೆದಿಲ್ಲವೆಂದರೆ ಸಂತೋಷಪಡಬಾರದು, ಅನುಮಾನಪಡಬೇಕು.

ಕಳೆದ ತಿಂಗಳು ಹಡಗು ರಿಪೇರಿಯ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಆನೋಡ್ ಬಗ್ಗೆ ಕೇಳಿದರು. ಎರಡು ಅಂಕದ ಉತ್ತರ ಹೇಳಿ, ನಾನು ಹಾಳು ಮಾಡಿದ ಗೇರ್ ಕವಚದ ಕತೆಯನ್ನೂ ಹೇಳಿದೆ. ಹೇಳಬಾರದಿತ್ತು ಎಂದು ಗೆಳೆಯರು ಬೈದರು. ಫಲಿತಾಂಶ ಇನ್ನೂ ಬಂದಿಲ್ಲ.

ಮೊನ್ನೆ ಅದೇ ದೋಣಿಯವರು ಎಂಜಿನ್ ತಂದರು. ಹೊಸ ಕವಚದಲ್ಲಿ ಒಂದು ಗುಳಿಯೂ ಇರಲಿಲ್ಲ. ಸತು ಮಾತ್ರ ನಾಯಿ ಕಚ್ಚಿದ ಬೆಲ್ಲದಚ್ಚಿನಂತಾಗಿತ್ತು. ಬಿಚ್ಚಿ, ಜಾಗವನ್ನು ಉಜ್ಜಿ, ಹೊಸದನ್ನು ಹಾಕಿದೆ. ಇನ್ನೂ ಅರ್ಧ ಉಳಿದಿತ್ತಲ್ಲ, ಯಾಕೆ ಬದಲಿಸಿದೆ ಎಂದು ಅವರು ಕೇಳಿದರು. ಹಳೆಯದನ್ನು ಅವರ ಕೈಯಲ್ಲಿಟ್ಟು, ಅವರ ಪಕ್ಕದಲ್ಲೇ ಕುಳಿತು ಹೇಳತೊಡಗಿದೆ.